ಸ್ಟಾರ್ ಹೋದ, ಕಪ್ ಬಂತು

2024ರಲ್ಲಿ ಫ್ರಾನ್ಸಿನ ಸ್ಟಾರ್ ಎಂಬಾಪೆ ಪ್ಯಾರಿಸ್ಸಿನ ಕ್ಲಬ್ ಪಿಎಸ್‌ಜಿ ಬಿಟ್ಟಾಗ ನಮ್ಮ ಬೆಳಗಾವಿಯ ಫುಟ್‌ಬಾಲ್ ಪಂಡಿತರು ಟಿಳಕವಾಡಿಯ ಚಹಾ ಅಂಗಡಿ ಮುಂದೆ ನಿಂತು ತೀರ್ಪು ಕೊಟ್ಟೇಬಿಟ್ಟರು: "ಮುಗೀತ್ ನೋಡ್ರಿ, ಪ್ಯಾರಿಸ್ ಕಥಿ." ಹುಡುಗ ಕಾಂಟ್ರಾಕ್ಟ್ ಮುಗಿಸಿಕೊಂಡು ಸ್ಪೇನಿನ ರಿಯಲ್ ಮ್ಯಾಡ್ರಿಡ್‌ಗೆ ಹೋಗಿದ್ದ. ಹಳೇ ಕ್ಲಬ್ಬಿಗೆ ಟ್ರಾನ್ಸ್‌ಫರ್ ಫೀ ಒಂದು ಪೈಸೆ ಇಲ್ಲ.

ಕಥೆ ಮುಗಿದ ಆ ಟೀಮು 2025ರ ಮೇ 31ರಂದು ಇಂಟರ್ ಮಿಲಾನ್‌ಗೆ 5-0 ಬಾರಿಸಿ, ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ಪಾದ ಚಾಂಪಿಯನ್ಸ್ ಲೀಗನ್ನು ಮೊದಲ ಸಲ ಗೆದ್ದಿತು. ಮ್ಯಾಡ್ರಿಡ್‌ನಲ್ಲಿ ಎಂಬಾಪೆ ಸ್ಪೇನಿನ ಲೀಗಿನಲ್ಲಿ 31 ಗೋಲು ಹೊಡೆದ, ಗೋಲು ಸರದಾರನಿಗೆ ಕೊಡುವ ಯುರೋಪಿನ ಗೋಲ್ಡನ್ ಶೂ ತಗೊಂಡ. ಶೂ ಅವನ ಮನೆಗೆ, ಲೀಗ್ ಬಾರ್ಸಿಲೋನಾಕ್ಕೆ. ಆ ಮೊದಲು ಮೆಸ್ಸಿ, ನೇಮಾರ್, ಎಂಬಾಪೆ ಮೂವರೂ ಪ್ಯಾರಿಸ್ಸಿನಲ್ಲೇ ಇದ್ದ ಎರಡು ಸೀಸನ್‌ನಲ್ಲಿ ಏನಾಯ್ತು ಅಂತೀರಾ? ಚಾಂಪಿಯನ್ಸ್ ಲೀಗಿನಲ್ಲಿ ಎರಡೂ ಸಲ ಹದಿನಾರು ಟೀಮಿನ ಘಟ್ಟದಲ್ಲೇ ಮನೆಗೆ. ಜರ್ಸಿ ಮಾತ್ರ ಭರ್ಜರಿ ಮಾರಾಟ ಆದವು, ಕ್ಲಬ್ಬಿನ ಲೆಕ್ಕಿಗನಿಗೆ ಅದೇ ಕಪ್ ಇರಬೇಕು!

ಸ್ಟಾರನ್ನು ಕಳಕೊಂಡವರ ಮಜಾ ಇನ್ನೂ ಜಾಸ್ತಿ. 2017ರಲ್ಲಿ ನೇಮಾರ್‌ನನ್ನು ಪ್ಯಾರಿಸ್ಸಿಗೆ ಬಿಟ್ಟುಕೊಟ್ಟ ಬಾರ್ಸಿಲೋನಾ ಕೈಗೆ 22.2 ಕೋಟಿ ಯೂರೋ ಬಂತು, ಅದೂ ಊರಿಗೆಲ್ಲ ಗೊತ್ತಾಗುವ ಹಾಗೆ. ನೋಟಿನ ಕಟ್ಟು ಕೈಯಲ್ಲಿ ಹಿಡಿದುಕೊಂಡೇ ಖಡೇಬಜಾರಕ್ಕೆ ಹೋಗಿ "ಈ ಸೀರೆ ಎಷ್ಟ್ರೀ" ಅಂತ ಕೇಳಿದರೆ ಅಂಗಡಿಯವರು ಯಾವ ರೇಟು ಹೇಳ್ತಾರೆ? ಅದೇ ಆಯ್ತು. ನೇಮಾರ್ ಜಾಗಕ್ಕೆ ಕೊಂಡ ಡೆಂಬೆಲೆಗೆ ಹತ್ತೂವರೆ ಕೋಟಿ ಯೂರೋ, ಮೇಲೆ ಬೋನಸ್ಸು. ಆಮೇಲೆ ಕುಟಿನ್ಯೊಗೆ ಇನ್ನೂ ಜಾಸ್ತಿ. ಕುಟಿನ್ಯೊ ಹೊಂದಲಿಲ್ಲ ಅಂತ ಜರ್ಮನಿಯ ಬಯರ್ನ್ ಕ್ಲಬ್ಬಿಗೆ ಒಂದು ಸೀಸನ್ ಆಡೋಕೆ ಸಾಲ ಕೊಟ್ಟರು. ಆ ಬಯರ್ನ್ 2020ರಲ್ಲಿ ಬಾರ್ಸಿಲೋನಾಕ್ಕೇ 8-2 ಹೊಡೆಯಿತು, ಕೊನೆಯ ಎರಡು ಗೋಲು ಕುಟಿನ್ಯೊದು. ಸ್ವಂತ ಆಸ್ತಿಯಿಂದಲೇ ಏಟು ತಿಂದ ಮಾಲೀಕರು ಇವರೇ ಮೊದಲಿಗರೇನೋ. ಇನ್ನು ಡೆಂಬೆಲೆಯನ್ನು ಕೊಂಡ ಬೆಲೆಯ ಅರ್ಧಕ್ಕೂ ಕಮ್ಮಿಗೆ ಅದೇ ಪ್ಯಾರಿಸ್ಸಿಗೆ ಮಾರಿದರು. ಅಲ್ಲಿ ಅವನು ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡೋರ್ 2025ರಲ್ಲಿ ಗೆದ್ದ.

ಇಷ್ಟೆಲ್ಲ ಆದರೂ ನಮ್ಮವರಿಗೆ ಬುದ್ಧಿ ಬಂತಾ? 2021ರಲ್ಲಿ ಮೆಸ್ಸಿ ಕಣ್ಣೀರು ಹಾಕಿ ಬಾರ್ಸಿಲೋನಾ ಬಿಟ್ಟಾಗ ಇವರೂ ಅತ್ತರು, ಕಣ್ಣು ಒರೆಸಿಕೊಂಡು ಪ್ಯಾರಿಸ್ ಜರ್ಸಿ ತಗೊಂಡರು. 2023ರಲ್ಲಿ ಮೆಸ್ಸಿ ಅಮೆರಿಕದ ಇಂಟರ್ ಮಿಯಾಮಿಗೆ ಹೋದಾಗ ಅದರ ಗುಲಾಬಿ ಜರ್ಸಿ. ಅವನು ಹೋಗುವಾಗ ಆ ಟೀಮು ತನ್ನ ವಿಭಾಗದ ಪಟ್ಟಿಯಲ್ಲಿ ತಳದಲ್ಲಿತ್ತು ಅಂತ ನೆನಪಿಸಿದರೆ, "ನಮ್ಮ ಹಳೇ ಟೀಮ್‌ರಿ ಅದು" ಅಂತಾರೆ! (ಆ ಜರ್ಸಿ ಸಂತೆಯಲ್ಲೂ ಸಿಗುತ್ತೆ, ಒಂದು ಸಲ ತೊಳೆದರೆ ಹತ್ತನೇ ನಂಬರಿನ ಒಂದು ಹೋಗಿ ಸೊನ್ನೆ ಉಳಿಯುತ್ತೆ.)

ಆಟಗಾರರು ಕ್ಲಬ್ ಬದಲಿಸೋ ಟ್ರಾನ್ಸ್‌ಫರ್ ವಿಂಡೋ ತೆಗೆದರೆ ಸಾಕು, ನಮ್ಮ ಪಂಡಿತರು ರಾತ್ರಿ ಎರಡರವರೆಗೆ ಫೋನ್ ಹಿಡಿದು, ಹೊಸ ಕ್ಲಬ್ ಸೇರೋ ಮೊದಲು ಯಾರು ಎಲ್ಲಿ ಮೆಡಿಕಲ್ ಟೆಸ್ಟ್ ಮಾಡಿಸಿಕೊಂಡ ಅಂತ ಕಾಯ್ತಾರೆ. ಮನೇಲಿ ಅಪ್ಪನ ಶುಗರ್ ರಿಪೋರ್ಟ್ ಮೂರು ದಿನದಿಂದ ಲ್ಯಾಬಿನಲ್ಲೇ ಇರುತ್ತೆ. ಇಂಥವರಿಗೆ ಇಲ್ಲೇ ನಮ್ಮೂರ ಲೇಲೆ ಮೈದಾನದಲ್ಲಿ ಮ್ಯಾಚ್ ಐತಿ, ಟಿಕೆಟ್ ಗಿಕೆಟ್ ಏನಿಲ್ಲ, ಬರ್ರಿ ಅಂದರೆ ಮುಖ ಹಿಂಡಿ ಕೇಳ್ತಾರೆ: "ಸ್ಟಾರ್ ಯಾರ್ ಬರಾಕತ್ತಾರ್ರಿ?"