ಒಂಬತ್ತೂವರೆ ಮಿಲಿಮೀಟರ್ ಅದ್ವೈತ

ನನ್ನ ಭಾವಮೈದನ ಸ್ವಿಫ್ಟ್ ಕಾರಿಗೆ ಕಂಪನಿಯವರೇ ಕೊಟ್ಟ 14 ಇಂಚಿನ ಚಕ್ರಗಳಿದ್ದವು. ಗುಂಡಗಿದ್ದವು, ತಿರುಗುತ್ತಿದ್ದವು. ಚಕ್ರದಿಂದ ನಾನು ಬಯಸುವುದು ಅಷ್ಟೇ. ಅವನಿಗೆ ಸಾಲಲಿಲ್ಲ. 'ಲುಕ್ಕೇ ಇಲ್ಲ ಭಾವ' ಅಂದ. ಒಂದು ಶನಿವಾರ ನನ್ನನ್ನೂ ಎಳೆದುಕೊಂಡು ಜೆ.ಸಿ. ರಸ್ತೆಗೆ ಹೊರಟ. ಚೌಕಾಸಿಗೆ ಒಬ್ಬ ಹಿರಿಯ ಬೇಕಲ್ಲ.

ಅಂಗಡಿಯವನು 16 ಇಂಚಿನ ಅಲಾಯ್ ಚಕ್ರ ತೋರಿಸಿದ. ಕಪ್ಪು ಬಣ್ಣ, ಅಂಚಿಗೆ ಕೆಂಪು ಗೆರೆ. ನಟ್ ಕೂರಲು ಎಂಟು ತೂತುಗಳಿದ್ದವು. ಸ್ವಿಫ್ಟಿಗೆ ಬೇಕಾಗುವುದು ನಾಲ್ಕೇ ಅಲ್ವಾ ಅಂದೆ.

'ಉಳಿದದ್ದು ಎಕ್ಸ್‌ಟ್ರಾ ಸಾರ್, ಫ್ರೀ.'

ತೂತನ್ನೂ ಫ್ರೀ ಕೊಡುವ ಕಾಲ. ಅಸಲಿಗೆ ಆ ನಾಲ್ಕು ತೂತು 100 ಮಿಲಿಮೀಟರ್ ಪಿಸಿಡಿಗೆ, ಈ ನಾಲ್ಕು 108ಕ್ಕೆ. ಪಿಸಿಡಿ ಅಂದರೆ ನಟ್ ತೂತುಗಳ ನಡುಗಳನ್ನು ಸೇರಿಸಿ ಎಳೆದ ವೃತ್ತದ ಅಡ್ಡಳತೆ. ಮೊದಲಿನದು ಸ್ವಿಫ್ಟ್, ಐ20, ಹೋಂಡಾ ಸಿಟಿ ಕಾರುಗಳಿಗೆ. ಎರಡನೆಯದು ಎಕೋಸ್ಪೋರ್ಟಿಗೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಊರಿಗೆಲ್ಲ ಮಾರಬೇಕು ಎಂದರೆ ಹೀಗೇ ಮಾಡಬೇಕು. ನಡುವಿನ ತೂತಿನ ಕಥೆಯೂ ಅದೇ. ಕಾರಿನ ಕಡೆಯಿಂದ ಆ ತೂತಿಗೆ ಕೂರುವ ಗೂಟಕ್ಕೆ ಹಬ್ ಅಂತಾರೆ. ಸ್ವಿಫ್ಟ್ ಹಬ್ಬಿನ ಅಳತೆ 54.1 ಮಿಲಿಮೀಟರ್. ಸಿಟಿಯದು 56.1. ಕ್ರೆಟಾದ್ದು 67.1. ಯಾರಿಗೂ ಇಲ್ಲ ಅನ್ನಬಾರದು ಅಂತ ಚಕ್ರ ಮಾಡುವವರು 73.1 ಕೊರೆದುಬಿಡುತ್ತಾರೆ. ಇದಕ್ಕೆ ಯೂನಿವರ್ಸಲ್ ಎಂದು ಹೆಸರು. ಎಲ್ಲರಿಗೂ ಆಗುತ್ತದೆ, ಯಾರಿಗೂ ಕೂರುವುದಿಲ್ಲ.

ಲೆಕ್ಕ ಹಾಕಿ. 73.1ರಲ್ಲಿ 54.1 ಕಳೆದರೆ 19. ಅಂದರೆ ಹಬ್ಬಿನ ಸುತ್ತ ಒಂಬತ್ತೂವರೆ ಮಿಲಿಮೀಟರ್ ಖಾಲಿ. ಕಂಪನಿ ಚಕ್ರ ಹಬ್ಬಿನ ಮೇಲೆ ಬಿಗಿಯಾಗಿ ಕೂರುತ್ತದೆ, ಬೀಸುವ ಕಲ್ಲು ಗೂಟಕ್ಕೆ ಕೂತ ಹಾಗೆ. ಇಲ್ಲಿ ಗೂಟ ಕಡ್ಡಿಯಷ್ಟು, ತೂತು ಬಟ್ಟಲಷ್ಟು. ಈ ಸಂದನ್ನು ತುಂಬಲು ಒಂದು ಬಳೆ ಬರುತ್ತದೆ. ಅದೇ ಹಬ್ ರಿಂಗ್. ಪ್ಲಾಸ್ಟಿಕ್ಕಿನದೂ ಉಂಟು, ಅಲ್ಯೂಮಿನಿಯಂದೂ ಉಂಟು. ಅದು ಬೇಕೋ ಬೇಡವೋ ಎಂಬುದರ ಮೇಲೆ ಜಗತ್ತು ಎರಡು ಪಾಲಾಗಿದೆ.

ಇದು ನಮ್ಮವರಿಗೆ ಹೊಸ ಜಗಳ ಏನಲ್ಲ. ಹಬ್ಬೂ ಚಕ್ರವೂ ಒಂದೇ ಆಗಿ ಕೂರಬೇಕು ಅನ್ನುವವರು ಶೃಂಗೇರಿ ಕಡೆಯವರು. ಎರಡೂ ಬೇರೆ ಬೇರೆ, ನಟ್ ಹಿಡಿದುಕೊಳ್ಳುತ್ತೆ ಬಿಡಿ ಅನ್ನುವವರು ಉಡುಪಿ ಕಡೆಯವರು. ಬೇರೆಯೇ, ಆದರೆ ನಡುವೆ ಒಂದು ಬಳೆ ಇಟ್ಟರೆ ಒಂದೇ ಅನ್ನುವವರಿಗೆ ಮೇಲುಕೋಟೆ ಇದೆ. ಆ ಆಚಾರ್ಯರು ಭಾಷ್ಯ ಬರೆದರು, ವಾದ ಮಾಡಿದರು. ಇವರು 'ಅನುಭವದಿಂದ ಹೇಳ್ತಿದೀನಿ ಸಾರ್' ಅಂತಾರೆ. ವರ್ನಿಯರ್ ಹಿಡಿದು ಅಳೆದವರು ಒಬ್ಬರೂ ಸಿಗಲಿಲ್ಲ.

'ರಿಂಗ್ ಇದೆಯಾ?' ಅಂತ ಕೇಳಿದೆ.

'ಬೇಕಾಗಲ್ಲ ಸಾರ್. ಅದೆಲ್ಲ ಸುಮ್ನೆ.'

ಬೇಕಾಗಲ್ಲ ಅನ್ನುವುದಕ್ಕೆ ಶಾಸ್ತ್ರ ಇದೆ, ಇಲ್ಲ ಎನ್ನಲಾರೆ. ಸ್ವಿಫ್ಟಿನ ನಟ್ಟಿನ ತುದಿ ಶಂಕುವಿನ ಹಾಗೆ ಮೊನೆಯಾಗಿರುತ್ತದೆ. ತೂತಿಗೂ ಅದೇ ಇಳಿಜಾರು ಇದ್ದರೆ, ಚಕ್ರವನ್ನು ನೆಲದಿಂದ ಎತ್ತಿ, ಎದುರುಬದುರು ನಟ್ಟುಗಳನ್ನು ಕೈಯಲ್ಲೇ ಸ್ವಲ್ಪ ಸ್ವಲ್ಪ ಬಿಗಿದುಕೊಂಡು ಬಂದರೆ ಚಕ್ರ ತಾನೇ ನಡುವಿಗೆ ಬರುತ್ತದೆ. ಆಮೇಲೆ ಟಾರ್ಕ್, ಅಂದರೆ ತಿರುಗಿಸುವ ಬಲ, ಅಳೆದು ಬಿಗಿಯುವ ರೆಂಚಿನಲ್ಲಿ ಕಾರಿನ ಕಂಪನಿ ಹೇಳಿದಷ್ಟೇ ಬಿಗಿಯಬೇಕು. ಕಾರಿನ ಭಾರ ಹೊರುವುದೂ ರಿಂಗ್ ಅಲ್ಲ. ನಟ್ ಒತ್ತಿದ್ದರಿಂದ ಚಕ್ರದ ಬೆನ್ನು ಹಬ್ಬಿಗೆ ಅಂಟಿಕೊಳ್ಳುತ್ತದಲ್ಲ, ಆ ತಿಕ್ಕಾಟವೇ ಭಾರ ಹೊರುತ್ತದೆ. ಹಾಗಾಗಿಯೇ ಪ್ಲಾಸ್ಟಿಕ್ ರಿಂಗೂ ನಡೆಯುತ್ತದೆ. ಅದರ ಕೆಲಸ ಮದುವೆ ದಲ್ಲಾಳಿಯದು. ಜೋಡಿಯನ್ನು ಸರಿಯಾಗಿ ಕೂರಿಸುವುದು, ಅಷ್ಟೇ. ಸಂಸಾರ ನಟ್ಟಿನದು.

ಈಗ ಅಂಗಡಿಯ ಹುಡುಗ ಏನು ಮಾಡಿದ ಕೇಳಿ. ಕಾರನ್ನು ಜಾಕಿನಿಂದ ಇಳಿಸಿ, ಭಾರವೆಲ್ಲ ಚಕ್ರದ ಮೇಲೆ ಬಿದ್ದ ಮೇಲೆ ನಟ್ ಬಿಗಿಯುವ ಗನ್ ಹಿಡಿದ. ಡರ್ರ್, ಡರ್ರ್, ಡರ್ರ್, ಡರ್ರ್. ಸಾಲಾಗಿ ನಾಲ್ಕು. ಎಷ್ಟು ಟಾರ್ಕ್ ಅಂತ ಕೇಳಿದೆ. 'ಫುಲ್' ಅಂದ.

ಅದಕ್ಕೂ ಮುಂಚೆ ಬ್ಯಾಲೆನ್ಸಿಂಗ್ ಆಗಿತ್ತು. ಆ ಮೆಷಿನ್ ಚಕ್ರವನ್ನು ಹಿಡಿಯುವುದು ನಡುವಿನ ತೂತಿಗೆ ಕೋನ್ ತೂರಿಸಿ. 5 ಗ್ರಾಂ ಸೀಸ ಇಲ್ಲಿ, 10 ಗ್ರಾಂ ಅಲ್ಲಿ ಅಂತ ಅಕ್ಕಸಾಲಿಗನ ನಿಷ್ಠೆಯಲ್ಲಿ ಸರಿಮಾಡಿದರು. ಆಮೇಲೆ ಅದೇ ಚಕ್ರವನ್ನು ನಡುವಿನ ತೂತಿಗೆ ಸಂಬಂಧವೇ ಇಲ್ಲದಂತೆ ಗನ್ನಿನಲ್ಲಿ ಬಿಗಿದರು. ಅಣ್ಣನ ಅಳತೆ ತಗೊಂಡು ತಮ್ಮನಿಗೆ ಶರ್ಟು ಹೊಲಿದ ಹಾಗೆ.

ತಮಾಷೆ ಏನೆಂದರೆ ಎರಡು ತಿಂಗಳು ಏನೂ ಗೊತ್ತಾಗಲಿಲ್ಲ. ಚಕ್ರ ಕೂದಲೆಳೆಯಷ್ಟು ಓರೆಯಾಗಿ ಕೂತರೆ ಸ್ಟೇರಿಂಗ್ ನಡುಗುವುದು 80, 90ರ ವೇಗದಲ್ಲಿ. ಬೆಂಗಳೂರಿನಲ್ಲಿ ಅಷ್ಟು ವೇಗ ಯಾರಿಗೆ ಸಿಕ್ಕಿದೆ? ಸಿಲ್ಕ್ ಬೋರ್ಡಿನಲ್ಲಿ ಚೌಕಾಕಾರದ ಚಕ್ರ ಹಾಕಿದರೂ ಗೊತ್ತಾಗಲ್ಲ. ರಿಂಗ್ ಬೇಡ ಅನ್ನುವವರ ಅನುಭವ ಎಲ್ಲಿಂದ ಬಂತು ಅಂತ ನನಗೆ ಆಮೇಲೆ ಹೊಳೆಯಿತು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮುಳ್ಳು 90 ಮುಟ್ಟಿದ್ದೇ ತಡ, ಸ್ಟೇರಿಂಗ್ ಚಳಿಜ್ವರ ಬಂದವರ ಹಾಗೆ ನಡುಗಿತು.

ಆಮೇಲೆ ಚಿಕಿತ್ಸೆಗಳು ಶುರು. ಒಬ್ಬರು ಅಲೈನ್‌ಮೆಂಟ್ ಅಂದರು. ಇನ್ನೊಬ್ಬರು ಅಲೈನ್‌ಮೆಂಟ್ ಮಾಡಿದವರು ಸರಿಯಿಲ್ಲ, ಮತ್ತೊಮ್ಮೆ ಅಂದರು. ಮತ್ತೊಬ್ಬರು ನೈಟ್ರೋಜನ್ ಹೊಡೆಸಿದರು. ನಮ್ಮತ್ತೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದರು. ಈ ಪಟ್ಟಿಯಲ್ಲಿ ಬಿಲ್ ಕೊಡದವರು ಅವರೊಬ್ಬರೇ.

ಎರಡನೇ ಅಂಗಡಿಯವನು ಚಕ್ರ ನೋಡಿ ಎದೆ ಹಿಡಿದುಕೊಂಡ. 'ರಿಂಗ್ ಇಲ್ದೆ ಓಡಿಸ್ತಿದೀರಾ ಸಾರ್? ಚಕ್ರ ಕಳಚಿ ಬಿದ್ರೆ?' ಅವನ ಹತ್ತಿರ ರಿಂಗ್ ಸ್ಟಾಕ್ ಇತ್ತು. ಅಲ್ಲಿಗೆ ನನಗೆ ಸಿದ್ಧಾಂತ ಅರ್ಥವಾಯಿತು. ಸ್ಟಾಕ್ ಇದ್ದರೆ ರಿಂಗ್ ಬೇಕೇ ಬೇಕು. ಇಲ್ಲದಿದ್ದರೆ ಬೇಡವೇ ಬೇಡ. ಆದರೆ ಅವನಲ್ಲಿದ್ದದ್ದು 56.1ರದು, ಸಿಟಿ ಕಾರಿನದು.

'2 ಎಂಎಂ ಏನ್ ದೊಡ್ಡದು ಸಾರ್? ಒಂದೆರಡು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿದ್ರೆ ಆಯ್ತು.'

ಚಕ್ರವನ್ನು ನಡುವಿಗೆ ಕೂರಿಸಲೆಂದೇ ಹುಟ್ಟಿದ ವಸ್ತು. ಅದನ್ನೇ ನಡುವಿಗೆ ಕೂರಿಸಲು ಟೇಪು.

ಇಷ್ಟೆಲ್ಲ ಗಲಾಟೆಯ ನಡುವೆ ನಟ್ಟಿನ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮ ಸ್ವಿಫ್ಟಿನದು ಶಂಕು, ಸರಿ. ಆದರೆ ಹೋಂಡಾ ಕಂಪನಿಯ ನಟ್ಟಿನ ತುದಿ ಗುಂಡಗಿರುತ್ತದೆ. ಹೊರಗಿನ ಚಕ್ರದ ತೂತು ಸಾಮಾನ್ಯವಾಗಿ ಶಂಕುವಿನಾಕಾರ. ಗುಂಡು ಶಂಕುವಿನಲ್ಲಿ ಕೂತರೆ ಮುಟ್ಟುವುದು ದಾರದಂಥ ಒಂದು ಗೆರೆ ಮಾತ್ರ. ಹಾಗೆ ಕೂತ ನಟ್ ಸಡಿಲ ಆಗುವ ಅಪಾಯ ನಿಜವಾದದ್ದು. ಚಕ್ರ ಕಳಚಿ ಬೀಳುವ ಹೆದರಿಕೆ ಇರಬೇಕಾದದ್ದು ಅಲ್ಲಿ. ಆದರೆ ನಟ್ಟಿನಲ್ಲಿ ಲುಕ್ ಇಲ್ಲವಲ್ಲ. ಲುಕ್ ಇರುವ ನಟ್ ಕೇಳಿದರೆ ಕೆಂಪು, ನೀಲಿ, ನೇರಳೆ ಮೂರು ಬಣ್ಣದಲ್ಲಿ ತೋರಿಸುತ್ತಾರೆ. ತುದಿ ಹೇಗಿದೆ ಅಂತ ತಿರುಗಿಸಿ ನೋಡುವವರಿಲ್ಲ.

ಕೊನೆಗೆ ಕಲಾಸಿಪಾಳ್ಯದ ಒಂದು ಗಲ್ಲಿಯಲ್ಲಿ ಲೇತ್ ಇಟ್ಟುಕೊಂಡ ಮುದುಕರೊಬ್ಬರು ಸಿಕ್ಕರು. ನಮ್ಮ ವಾದ ಕೇಳಲೇ ಇಲ್ಲ. 'ಚಕ್ರ ಬಿಚ್ಚಿ' ಅಂದರು. ವರ್ನಿಯರ್ ಹಿಡಿದು ಹಬ್ ಅಳೆದರು, ಚಕ್ರದ ತೂತು ಅಳೆದರು, ಸೀಮೆಸುಣ್ಣದಲ್ಲಿ ನೆಲದ ಮೇಲೆ ಎರಡು ಅಂಕಿ ಬರೆದುಕೊಂಡರು. ಸಂಜೆಗೆ ಅಲ್ಯೂಮಿನಿಯಂನ ನಾಲ್ಕು ರಿಂಗ್ ಕೈಗಿಟ್ಟರು. 'ಹಾಕೋಕೆ ಮುಂಚೆ ಹಬ್ಬಿನ ತುಕ್ಕು ಉಜ್ಜಿ, ರಿಂಗ್ ಕೂರೋ ಜಾಗಕ್ಕೆ ತೆಳ್ಳಗೆ ಗ್ರೀಸ್ ಸವರಿ. ಇಲ್ಲಾಂದ್ರೆ ಕಚ್ಚಿಕೊಳ್ಳುತ್ತೆ' ಅಂದರು. ನಮ್ಮಜ್ಜ ಎತ್ತಿನ ಗಾಡಿಯ ಗುಂಬಕ್ಕೆ ಕೀಲೆಣ್ಣೆ ಹಚ್ಚದೆ ಹೊರಟಿದ್ದೇ ಇಲ್ಲ, ಹಾಗಾಗಿ ನನಗೆ ಮಾತು ನಾಟಿತು. ಭಾವಮೈದನಿಗೆ ನಾಟಲಿಲ್ಲ. ಎಸಿ ಇಲ್ಲದ, ಬ್ರೋಷರ್ ಇಲ್ಲದ ಅಂಗಡಿಯ ಮಾತು.

ನಡುಕ ನಿಂತಿತು. ಭಾವಮೈದ ರಾತ್ರೋರಾತ್ರಿ ಮೇಲುಕೋಟೆ ಪಕ್ಷ ಸೇರಿದ. ಮದುವೆಮನೆ, ನಾಮಕರಣ, ವೈಕುಂಠ ಸಮಾರಾಧನೆ, ಎಲ್ಲಿ ಹೋದರೂ ರಿಂಗ್ ಮಹಾತ್ಮೆಯೇ.

ಒಂದು ಮಳೆಗಾಲ ಕಳೆಯಿತು. ವಡೆ ಆಸೆಗೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಮದ್ದೂರು ಊರೊಳಗಿನ ರಸ್ತೆಗೆ ಇಳಿದಿದ್ದೆವು. ಮುಂದಿನ ಎಡಗಡೆ ಚಕ್ರ ಪಂಕ್ಚರ್ ಆಯಿತು. ಜಿಟಿಜಿಟಿ ಮಳೆ. ನಟ್ ಬಿಚ್ಚಿ ಅಲಾಯ್ ಎಳೆದರೆ ಚಕ್ರ ಬಂತು, ರಿಂಗ್ ಬರಲಿಲ್ಲ. ಹಬ್ಬಿನ ಉಕ್ಕಿಗೂ ರಿಂಗಿನ ಅಲ್ಯೂಮಿನಿಯಂಗೂ ನೀರು ಬಿದ್ದು, ಎರಡೂ ಸೇರಿ ನಿಜಕ್ಕೂ ಒಂದೇ ಆಗಿದ್ದವು. ಸ್ಟೆಪ್ನಿ ಕಂಪನಿ ಚಕ್ರ. ಅದರ ನಡುವಿನ ತೂತು 54.1. ಎದುರಿಗೆ ಹಬ್ಬಿನ ಮೇಲೆ ಕೂತದ್ದು 73.1. ಜಾಕಿನ ರಾಡಿನಲ್ಲಿ ಬಡಿದೆವು, ಸ್ಕ್ರೂಡ್ರೈವರ್ ಬಾಗಿಸಿದೆವು. ವಡೆ ಅಂಗಡಿಯ ಹುಡುಗ ಪ್ರೀತಿಯಿಂದ ಒಂದು ಸೌಟು ಎಣ್ಣೆ ತಂದುಕೊಟ್ಟ. ರಿಂಗ್ ಅಲ್ಲಾಡಲಿಲ್ಲ.

ಭಾವಮೈದ ಮಳೆಯಲ್ಲಿ ನಿಂತು, ಚಕ್ರ ಮಾರಿದ ಮೊದಲನೇ ಅಂಗಡಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ.

'ಅದಕ್ಕೇ ಸಾರ್, ನಾನು ಅವತ್ತೇ ಹೇಳಿರಲಿಲ್ವಾ, ರಿಂಗ್ ಬೇಡ ಅಂತ?'

ಭಾವಮೈದ ನನ್ನ ಕಡೆ ತಿರುಗಿದ. 'ನೋಡಿ ಭಾವ. ಅನುಭವ ಅಂದ್ರೆ ಅದು.'