ಗೆಲುವು ಗೊತ್ತಿದ್ದ ಹುಡುಗಿ ‘ಸಕ್ಸೆಸ್’ನಲ್ಲಿ ಎಡವಿದಳು

ಕಳೆದ ಭಾನುವಾರ ಅಕ್ಕನ ಮಗಳು ತನ್ನ ಇಂಗ್ಲಿಷ್ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾಳೆ. ‘ಐ ಆ್ಯಮ್ ಸಕ್ಸೆಸ್ ಇನ್ ದಿ ಎಕ್ಸಾಮ್’ ಎಂಬ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದಿತ್ತು. ಪಕ್ಕದಲ್ಲಿ ಒಂದು ಇಂಟು ಗುರುತು, ಅಷ್ಟೇ.

“ಚಿಕ್ಕಮ್ಮ, ಸಕ್ಸೆಸ್ ಅಂದರೆ ಗೆಲುವು ತಾನೇ? ಸ್ಪೆಲ್ಲಿಂಗೂ ಸರಿಯಾಗಿದೆಯಲ್ಲ?”

“ಅದನ್ನೇ ಕನ್ನಡದಲ್ಲಿ ಹೇಳು ನೋಡೋಣ. ನಾನು ಪರೀಕ್ಷೆಯಲ್ಲಿ ಗೆಲುವು.”

“ಹಾಗೆ ಯಾರು ಹೇಳುತ್ತಾರೆ? ಗೆದ್ದೆ ಅನ್ನಬೇಕು” ಎಂದವಳು ಅಲ್ಲೇ ನಿಂತಳು. ಅವಳ ಕಣ್ಣರಳಿದ್ದನ್ನು ಕಂಡೆ. ಸಕ್ಸೀಡ್ ಕ್ರಿಯಾಪದ, ಸಕ್ಸೆಸ್ ನಾಮಪದ, ಸಕ್ಸೆಸ್‌ಫುಲ್ ಗುಣವಾಚಕ, ಸಕ್ಸೆಸ್‌ಫುಲಿ ಕ್ರಿಯಾವಿಶೇಷಣ. ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆದು, ಒಂದೊಂದಕ್ಕೂ ಅವಳಿಂದಲೇ ವಾಕ್ಯ ಬರೆಸಿದೆ.

‘ದಿನಕ್ಕೆ ಹತ್ತು ಹೊಸ ಪದ’ ಎಂದು ಮಕ್ಕಳಿಂದ ಉರು ಹೊಡೆಸುವ ಪದ್ಧತಿ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಸೋಮವಾರದ ಪಟ್ಟಿಯಲ್ಲಿ ಡಿಸೈಡ್, ಗುರುವಾರದ ಪಟ್ಟಿಯಲ್ಲಿ ಡಿಸಿಷನ್. ಎರಡೂ ಒಂದೇ ಮನೆಯವು ಎಂದು ಮಗುವಿಗೆ ಯಾರೂ ತಿಳಿಸುವುದಿಲ್ಲ. ಡಿಸೈಡ್–ಡಿಸಿಷನ್, ಡಿವೈಡ್–ಡಿವಿಷನ್, ಕನ್‌ಕ್ಲೂಡ್–ಕನ್‌ಕ್ಲೂಷನ್ ಎಂದು ಜೋಡಿಸಿ ಬರೆದರೆ, ಕೊನೆಯ ಡಕಾರ ಹೇಗೆ ಕರಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ನಮ್ಮಲ್ಲೂ ಡಕಾರವೇ ಅಲ್ಲವೇ ಬದಲಾಗುವುದು? ಆಡು–ಆಟ, ಓಡು–ಓಟ, ನೋಡು–ನೋಟ. ಕ್ರಿಯೆಯ ಪದದಿಂದ ಹೀಗೆ ಹೊಸ ಪದ ಹುಟ್ಟುವುದನ್ನು ನಮ್ಮ ಮಕ್ಕಳು ಕೃದಂತ ಎಂಬ ಹೆಸರಿನಲ್ಲಿ ಕನ್ನಡ ಅವಧಿಯಲ್ಲಿ ಓದುತ್ತಾರೆ. ‘ಜಾಣ’ ಎಂಬ ನಾಮಪದಕ್ಕೆ ‘ತನ’ ಪ್ರತ್ಯಯ ಸೇರಿ ‘ಜಾಣತನ’ ಆಗುವಂಥ ತದ್ಧಿತಕ್ಕಂತೂ ಕೇಶಿರಾಜ 13ನೆಯ ಶತಮಾನದಲ್ಲೇ ತನ್ನ ವ್ಯಾಕರಣಗ್ರಂಥ ಶಬ್ದಮಣಿದರ್ಪಣದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಇಷ್ಟು ಆಸ್ತಿ ಕೈಯಲ್ಲಿರುವ ಮಗು, ಗಂಟೆ ಹೊಡೆದು ಇಂಗ್ಲಿಷ್ ಅವಧಿ ಶುರುವಾದೊಡನೆ ಬರಿಗೈಯಲ್ಲಿ ಕೂರುತ್ತದೆ. ನನ್ನ ಸಂಕಟವೆಲ್ಲ ಅದೇ. ಕನ್ನಡದ ಮೇಷ್ಟ್ರು ತದ್ಧಿತ ಹೇಳಿಕೊಟ್ಟ ವಾರವೇ ಇಂಗ್ಲಿಷ್ ಮೇಷ್ಟ್ರು ಅದೇ ಬೋರ್ಡಿನ ಮೇಲೆ ‘ಜಾಣತನ’ದ ಪಕ್ಕ ‘ಕೈಂಡ್–ಕೈಂಡ್‌ನೆಸ್’ ಬರೆಯಲಿ. ಇದಕ್ಕೆ ಹೊಸ ಪಠ್ಯಪುಸ್ತಕವೂ ಬೇಡ, ಹೆಚ್ಚಿನ ಅವಧಿಯೂ ಬೇಡ.

ಪ್ರತ್ಯಯ ಅಂಟಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ‘ವರ್ಕ್ಸ್ ಹಾರ್ಡ್’ ಎಂದರೆ ಶ್ರಮಪಟ್ಟು ದುಡಿಯುತ್ತಾಳೆ; ‘ಹಾರ್ಡ್‌ಲಿ ವರ್ಕ್ಸ್’ ಎಂದರೆ ಹೆಚ್ಚುಕಡಿಮೆ ದುಡಿಯುವುದೇ ಇಲ್ಲ. ಅದಕ್ಕಾಗಿಯೇ ಪ್ರತಿ ಪದಕ್ಕೂ ಒಂದು ವಾಕ್ಯ ಬರೆಸುತ್ತೇನೆ.

ನಿನ್ನೆ ರಾತ್ರಿ ಅವಳು ಫೋನ್ ಮಾಡಿದಳು. ನೋಟ್‌ಬುಕ್ಕಿನಲ್ಲಿ ‘ನಂಬು–ನಂಬಿಕೆ’ ಎದುರಿಗೆ ‘ಬಿಲೀವ್–ಬಿಲೀಫ್’ ಬರೆದಿದ್ದಾಳಂತೆ. “ಗುಣವಾಚಕದ ಜಾಗ ಖಾಲಿ ಬಿಟ್ಟಿದ್ದೇನೆ ಚಿಕ್ಕಮ್ಮ, ಹೇಳಬೇಡಿ, ನಾನೇ ಡಿಕ್ಷನರಿ ನೋಡುತ್ತೇನೆ” ಎಂದಳು.