"ಬರೀ 18 ಸಾವಿರ ಕಿಲೋಮೀಟರ್ ಓಡಿದ್ದು ಮಾವ!"

ಶುಕ್ರವಾರ ರಾತ್ರಿ ಊಟಕ್ಕೆ ಕೂತಿದ್ದೆ. ಅಳಿಯನ ವಾಟ್ಸಾಪ್ ಬಂತು. ಒಂದರ ಹಿಂದೆ ಒಂದು ಒಂಬತ್ತು ಫೋಟೊ. ಬೆಳ್ಳಿ ಬಣ್ಣದ ಪೋರ್ಷೆ ಬಾಕ್ಸ್‌ಸ್ಟರ್ ಅನ್ನುವ ಎರಡು ಸೀಟಿನ ಸ್ಪೋರ್ಟ್ಸ್ ಕಾರು, 2006ರ ಮಾಡೆಲ್, ಸುರತ್ಕಲ್ ಕಡೆ ಯಾರದೋ ಮನೆಯ ಪೋರ್ಟಿಕೊದಲ್ಲಿ ನಿಂತಿದೆ. ಕೆಳಗೆ ಒಂದು ಸಾಲು: "ಮಾವ, ಬರೀ 18 ಸಾವಿರ ಕಿಲೋಮೀಟರ್ ಓಡಿದ್ದು. ಹೊಸ ಕ್ರೆಟಾದ ರೇಟಿಗೆ ಕೊಡ್ತಾರಂತೆ!"

ನಮ್ಮ ಕುಟುಂಬದಲ್ಲಿ ಈ ಜ್ವರ ಯಾರಿಗೆ ಬಂದರೂ ಮೊದಲ ಫೋನ್ ನನಗೇ. ಯಾಕೆಂದರೆ ಆರು ವರ್ಷದ ಹಿಂದೆ ನನಗೂ ಬಂದಿತ್ತು. ಕೊಯಮತ್ತೂರಿನಿಂದ 2007ರ ಬಾಕ್ಸ್‌ಸ್ಟರ್ ತಂದು ಉಡುಪಿಯ ಮನೆಯಲ್ಲಿ ಇಟ್ಟುಕೊಂಡಿದ್ದೇನೆ. ಹೆಂಡತಿ ಅದನ್ನು "ನಿಮ್ಮ ಎರಡನೇ ಸಂಸಾರ" ಅನ್ನುತ್ತಾಳೆ. ಖರ್ಚಿನ ಲೆಕ್ಕದಲ್ಲಿ ಅವಳ ಮಾತು ಸುಳ್ಳಲ್ಲ.

ಅಳಿಯನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಈಗ ಮಂಗಳೂರು, ಮಣಿಪಾಲದಲ್ಲಿ ಇಂತಹ ಹಳೆ ಮಿಡ್ ಎಂಜಿನ್ ಕಾರಿನ ಮೇಲೆ ಕಣ್ಣು ಹಾಕಿದವರು ಜಾಸ್ತಿ ಆಗಿದ್ದಾರೆ.

ಅವನು ಖುಷಿಪಟ್ಟ ಆ 18 ಸಾವಿರವೇ ನನಗೆ ಮೊದಲು ಹೆದರಿಕೆ ಹುಟ್ಟಿಸಿದ್ದು. ಲೆಕ್ಕ ಹಾಕಿ. ಹತ್ತಿರ ಹತ್ತಿರ 20 ವರ್ಷ. ಅಂದರೆ ತಿಂಗಳಿಗೆ 75 ಕಿಲೋಮೀಟರ್. ಮಂಗಳೂರಿನಿಂದ ಉಡುಪಿಗೆ ಹೋಗಿ ವಾಪಸ್ ಬರುವಷ್ಟೂ ಆಗಲಿಲ್ಲ. ಉಳಿದ ದಿನವೆಲ್ಲ ಕಾರು ಏನು ಮಾಡಿತು? ನಿಂತಿತ್ತು. ಸಮುದ್ರದಿಂದ ಎರಡು ಕಿಲೋಮೀಟರ್ ದೂರದಲ್ಲಿ, ಉಪ್ಪುಗಾಳಿ ಕುಡಿಯುತ್ತಾ, 20 ಮಳೆಗಾಲ ನಿಂತಿತ್ತು. ರಬ್ಬರ್ ಒಣಗುವುದು, ಸೀಲ್ ಸೋರುವುದು, ಕನೆಕ್ಟರಿನಲ್ಲಿ ಹಸಿರು ಪಾಚಿಯಂತೆ ಕಿಲುಬು ಹಿಡಿಯುವುದು, ಹೆಗ್ಗಣ ವಯರ್ ಕಡಿಯುವುದು, ಇದೆಲ್ಲ ನಿಂತ ಕಾರಿಗೇ. ನಮ್ಮ ಊರಿನಲ್ಲಿ ಇಂತಹ ಕಾರು ಓಡಿ ಹಾಳಾದದ್ದನ್ನು ನಾನು ನೋಡಿಲ್ಲ. ನಿಂತು ಹಾಳಾದದ್ದನ್ನು ಬೇಕಾದಷ್ಟು ನೋಡಿದ್ದೇನೆ. 80 ಸಾವಿರ ಓಡಿದ, ಬಿಲ್ಲುಗಳ ದಪ್ಪ ಫೈಲ್ ಇರುವ ಕಾರು ಸಿಕ್ಕಿದರೆ ನಾನು ಕಣ್ಣು ಮುಚ್ಚಿ ಅದರ ಕಡೆಗೇ ಹೋಗುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮಿಡ್ ಎಂಜಿನ್ ಅಂದರೆ ಎಂಜಿನ್ ಎರಡು ಆಕ್ಸಲ್‌ಗಳ ನಡುವೆ ಇರುವುದು. ಬಾಕ್ಸ್‌ಸ್ಟರ್‌ನಲ್ಲಿ ನಿಮ್ಮ ಬೆನ್ನ ಹಿಂದೆ, ಹಿಂದಿನ ಚಕ್ರಕ್ಕಿಂತ ಮುಂದೆ. ಪೋರ್ಷೆ 911ರಲ್ಲಿ ಹಿಂದಿನ ಚಕ್ರಕ್ಕಿಂತಲೂ ಹಿಂದೆ, ಅದು ಬೇರೆ ಜಾತಿ. ಲೆಕ್ಕಕ್ಕೆ ತಗೊಂಡರೆ ಎಂಜಿನನ್ನು ಮುಂದಿನ ಸೀಟಿನಡಿ ಇಟ್ಟುಕೊಂಡ ನಮ್ಮ ಮಾರುತಿ ಓಮ್ನಿಯೂ ಮಿಡ್ ಎಂಜಿನ್ನೇ ಮಾರಾಯ್ರೆ! ಸೀಟು ಬಿಸಿಯಾಗುತ್ತಿತ್ತಲ್ಲ, ಅದಕ್ಕೇ.

ಭಾರ ನಡುವೆ ಇದ್ದರೆ ಏನು ಲಾಭ? ಕಾವಡಿ ಹೊತ್ತವನನ್ನು ನೋಡಿ. ಎರಡು ತುದಿಯಲ್ಲಿ ತೂಕ, ತಿರುಗಬೇಕಾದರೆ ನಿಧಾನ. ಅಷ್ಟೇ ತೂಕವನ್ನು ತಲೆಯ ಮೇಲೆ ಬುಟ್ಟಿಯಲ್ಲಿ ಹೊತ್ತವಳು ಥಟ್ಟನೆ ತಿರುಗುತ್ತಾಳೆ. ಮಿಡ್ ಎಂಜಿನ್ ಕಾರು ಬುಟ್ಟಿ ಹೊತ್ತವಳ ಹಾಗೆ. ತಿರುವಿನಲ್ಲಿ ಸ್ಟೇರಿಂಗ್ ಹೇಳಿದ ಕೂಡಲೇ ಮೂತಿ ತಿರುಗುತ್ತದೆ. ಆ ಸುಖಕ್ಕೇ ಇಷ್ಟೆಲ್ಲ ಒದ್ದಾಟ. ಆದರೆ ಹಿಡಿತ ತಪ್ಪಿದರೆ ಅಷ್ಟೇ ಬೇಗ ಬುಗುರಿಯೂ ಆಗುತ್ತದೆ. ಆಗುಂಬೆಯ 14 ತಿರುವುಗಳಲ್ಲಿ, ಒದ್ದೆ ರಸ್ತೆಯಲ್ಲಿ, ಹೆದರಿ ಆಕ್ಸಲರೇಟರ್‌ನಿಂದ ಗಕ್ಕನೆ ಕಾಲು ತೆಗೆದರೆ ಹಿಂಬದಿ ನಿಮಗಿಂತ ಮೊದಲು ತೀರ್ಥಹಳ್ಳಿ ಕಡೆ ಹೊರಡುತ್ತದೆ. ಹಾಗಾಗಿ ಟಯರ್ ನೋಡಿ. ಕಚ್ಚು ಎಷ್ಟು ಉಳಿದಿದೆ ಅನ್ನುವುದು ಸಾಲದು, ಹುಟ್ಟಿದ ದಿನ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3214 ಅಂತ ಇದ್ದರೆ 2014ರ 32ನೇ ವಾರ. ಕಡಿಮೆ ಓಡಿದ ಕಾರಿನಲ್ಲಿ ಕಚ್ಚು ಹೊಸದರಂತೆ ಇರುತ್ತದೆ, ರಬ್ಬರ್ ಮಾತ್ರ ಕಲ್ಲು.

ಇನ್ನು ಎಂಜಿನ್. ಬಾನೆಟ್ ಎತ್ತಿ "ಎಂಜಿನ್ ಕ್ಲೀನ್ ಉಂಟು" ಅನ್ನುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಮುಂದೆ ಎತ್ತಿದರೆ ಡಿಕ್ಕಿ. ಹಿಂದೆ ಎತ್ತಿದರೆ ಇನ್ನೊಂದು ಡಿಕ್ಕಿ. ಎಂಜಿನ್ ಎಲ್ಲೂ ಕಾಣುವುದಿಲ್ಲ! ಹಿಂದಿನ ಡಿಕ್ಕಿಯಲ್ಲಿ ಆಯಿಲ್ ಹಾಕುವ ಮತ್ತು ಕೂಲಂಟ್ ಹಾಕುವ ಎರಡು ಮುಚ್ಚಳ ಮಾತ್ರ. ನೋಡಬೇಕಾದರೆ ಸೀಟಿನ ಹಿಂದೆ ಪ್ಯಾನಲ್ ಬಿಚ್ಚಬೇಕು, ಇಲ್ಲವೇ ಲಿಫ್ಟಿಗೆ ಹಾಕಿ ಅಡಿಯಿಂದ ನೋಡಬೇಕು. ಅದಕ್ಕೇ ಈ ಕಾರುಗಳಲ್ಲಿ ಬಿಡಿಭಾಗಕ್ಕಿಂತ ಕೂಲಿ ದುಬಾರಿ. ಫೆರಾರಿ ಎಫ್355ರಲ್ಲಿ ಬರೀ ಟೈಮಿಂಗ್ ಬೆಲ್ಟ್ ಬದಲಿಸಲು ಇಡೀ ಎಂಜಿನ್ ಕೆಳಗಿಳಿಸಬೇಕು. 1999ರ 360 ಮೊಡೆನಾ ಬಂದ ಮೇಲೆ ಸೀಟಿನ ಹಿಂದಿನಿಂದ ಕೈಹಾಕುವ ದಾರಿ ಮಾಡಿಕೊಟ್ಟರು.

ನನ್ನ ಕಥೆ ಕೇಳಿ. ತಂದ ಎರಡನೇ ವರ್ಷ ಕೂಲಂಟ್ ಕಡಿಮೆಯಾಗತೊಡಗಿತು. ನೆಲದ ಮೇಲೆ ಒಂದು ಹನಿ ಇಲ್ಲ. ಎಲ್ಲಿ ಹೋಗುತ್ತದೆ? ಹಿಂದಿನ ಡಿಕ್ಕಿಯ ಕಾರ್ಪೆಟ್ ಎತ್ತಿದೆ. ಅಡಿಯಲ್ಲಿ ಒಣಗಿದ ಗುಲಾಬಿ ಬಣ್ಣದ ಕಲೆ, ಕೈಗೆ ಅಂಟಂಟು. ಕೂಲಂಟಿನ ಪ್ಲಾಸ್ಟಿಕ್ ಟ್ಯಾಂಕ್ ಸೀಳು ಬಿಟ್ಟಿತ್ತು. ಈ ಕಾರಿಗೆ ಅದು ಮಾಮೂಲಿ ಕಾಯಿಲೆ. ಫ್ಲಾಟ್‌ಬೆಡ್ ಮೇಲೆ ಬೆಂಗಳೂರಿನ ಒಂದು ಗ್ಯಾರೇಜಿಗೆ ಕಳಿಸಿದೆ. ಟ್ಯಾಂಕ್ ಬದಲಾಯಿತು, ಬಿಲ್ ಕಟ್ಟಿ ಖುಷಿಯಿಂದ ಓಡಿಸಿಕೊಂಡು ಬಂದೆ. ಶಿರಾಡಿ ಇಳಿದು ನೆಲ್ಯಾಡಿ ಹತ್ತಿರ ಬರುವಾಗ ಟೆಂಪರೇಚರ್ ಮುಳ್ಳು ಏರತೊಡಗಿತು. ಬದಿಗೆ ಹಾಕಿ ಆಫ್ ಮಾಡಿದೆ. ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ, ನಡುವೆ ಕಾರಿನ ಉದ್ದಕ್ಕೂ ಪೈಪು. ಅದರೊಳಗೆ ಗಾಳಿ ಸಿಕ್ಕಿಕೊಂಡರೆ ನೀರು ಸುತ್ತುವುದಿಲ್ಲ. ವ್ಯಾಕ್ಯೂಮ್ ಮಾಡಿ ತುಂಬಿಸಬೇಕು, ಅಲ್ಲಿ ಸುಮ್ನೆ ಕ್ಯಾನಿನಿಂದ ಸುರಿದಿದ್ದರು. ಚಹಾದ ಅಂಗಡಿಯಲ್ಲಿ ನಾಲ್ಕು ಗಂಟೆ ಕೂತೆ. ಎರಡನೇ ಫ್ಲಾಟ್‌ಬೆಡ್ ಬಂತು. ಆ ಪ್ಲಾಸ್ಟಿಕ್ ಡಬ್ಬಿಯ ಬೆಲೆಗಿಂತ ಲಾರಿ ಬಾಡಿಗೆಯೇ ಹೆಚ್ಚಾಯಿತು.

ರೇಡಿಯೇಟರ್ ಮಾತು ಬಂತಲ್ಲ, ಅದನ್ನು ನೀವೇ ನೋಡಬಹುದು. ಲುಂಗಿ ಕಟ್ಟಿಕೊಂಡು ಹೋದರೂ ಆಗುತ್ತದೆ. ಮುಂದಿನ ಬಂಪರ್ ಎದುರು ಮಂಡಿಯೂರಿ, ಎಡಬಲದ ಕಿಂಡಿಗಳಿಗೆ ಟಾರ್ಚ್ ಬಿಡಿ. ಒಳಗೆ ಎಸಿ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ರಸ್ತೆಯ ಕಸವನ್ನೆಲ್ಲ ಈ ಕಿಂಡಿಗಳು ವ್ಯಾಕ್ಯೂಮ್ ಕ್ಲೀನರಿನಂತೆ ಎಳೆದುಕೊಳ್ಳುತ್ತವೆ. ನನ್ನ ಕಾರಿನಿಂದ ನಾನು ತೆಗೆದದ್ದು: ಹಲಸಿನ ಎಲೆ, ಗಾಳಿಮರದ ಸೂಜಿ, ಒಂದು ಗುಟ್ಕಾ ಪ್ಯಾಕೆಟ್, ಮುಷ್ಟಿ ತುಂಬ ಕೆಂಪು ಮಣ್ಣು. ಈ ಗೊಬ್ಬರ ಮಳೆಗೆ ನೆನೆದು ಅಲ್ಲೇ ಕೂತರೆ ಅಲ್ಯೂಮಿನಿಯಂ ತಿಂದುಹಾಕುತ್ತದೆ. ಕಿಂಡಿ ತುಂಬ ಎಲೆ ಕಂಡರೆ ಆ ಓನರ್ ಬೇರೆ ಯಾವುದನ್ನೂ ನೋಡಿಕೊಂಡಿಲ್ಲ ಅಂತ ನನ್ನ ಲೆಕ್ಕ.

ಆಮೇಲೆ ಕಾರ್ಪೆಟ್. ಬಟ್ಟೆ ಟಾಪಿನ ಕಾರುಗಳಲ್ಲಿ ಮಳೆನೀರು ಹೊರಗೆ ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಅದರಲ್ಲಿ ಎಲೆ ಕೂತರೆ ನೀರು ಸೀದಾ ಒಳಗೆ. 2004ರ ತನಕದ ಹಳೆ ಬಾಕ್ಸ್‌ಸ್ಟರ್‌ನಲ್ಲಿ ಸೀಟಿನಡಿಯೇ ಇಮ್ಮೊಬಿಲೈಸರ್ ಪೆಟ್ಟಿಗೆ ಇದೆ. ಅದು ಮುಳುಗಿದರೆ ಕೀ ತಿರುಗಿಸಿದರೂ ಕಾರಿಗೆ ನೀವು ಯಾರೆಂದು ಗೊತ್ತಾಗುವುದಿಲ್ಲ. ಸೀಟಿನ ಹಿಂದೆ ಕಾರ್ಪೆಟ್ ಮೇಲೆ ಅಂಗೈ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮೇಲೆ ಒಣಗಿದ್ದರೂ ಒತ್ತಿದಾಗ ತಂಪು ಹತ್ತುತ್ತದೆ. ಮೂಗನ್ನೂ ಬಳಸಿ. ಆಟಿ ತಿಂಗಳಲ್ಲಿ ಒಣಗದ ಬಟ್ಟೆಯ ವಾಸನೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಳಗೆ ಕೂತ ಕೂಡಲೇ ಏರ್ ಫ್ರೆಶ್‌ನರ್ ಘಮ್ಮೆಂದರೆ ಇನ್ನೂ ಹುಷಾರು.

ಬ್ಯಾಟರಿಯದ್ದು ಬೇರೆಯೇ ತಮಾಷೆ. ನನ್ನ ಕಾರಿನಲ್ಲಿ ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ. ಆ ಡಿಕ್ಕಿ ತೆರೆಯುವುದು ಕರೆಂಟಿನಿಂದ. ಬ್ಯಾಟರಿ ಸತ್ತರೆ? ಕಪಾಟಿನ ಕೀಯನ್ನು ಕಪಾಟಿನೊಳಗೇ ಇಟ್ಟ ಹಾಗೆ. ಕಾಲ ಬಳಿಯ ಫ್ಯೂಸ್ ಬಾಕ್ಸಿನಿಂದ ಒಂದು ಕಡ್ಡಿ ಹೊರಗೆಳೆದು, ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟರೆ ತೆರೆಯುತ್ತದೆ. ಇದು ಗೊತ್ತಿಲ್ಲದೆ ಒಬ್ಬ ಪುಣ್ಯಾತ್ಮ ಸ್ಕ್ರೂಡ್ರೈವರಿನಿಂದ ಮೀಟಲು ಬಂದಿದ್ದ.

ಈ ಕಾರಿನ ಹೆಸರೆತ್ತಿದರೆ ಎಲ್ಲರೂ ಕೇಳುವುದು ಐಎಂಎಸ್ ಬೇರಿಂಗ್. ಕ್ರ್ಯಾಂಕ್‌ಶಾಫ್ಟಿಗೂ ಕ್ಯಾಮ್‌ಶಾಫ್ಟುಗಳಿಗೂ ನಡುವಿನ ಒಂದು ಶಾಫ್ಟಿನ ಬೇರಿಂಗ್ ಅದು. ಪುಡಿಯಾದರೆ ಟೈಮಿಂಗ್ ತಪ್ಪಿ ಎಂಜಿನ್ ಮುಗಿಯಿತು. ಹೆಚ್ಚು ಕೆಟ್ಟ ಹೆಸರು ಪಡೆದದ್ದು 2005ರ ತನಕದ ಒಂಟಿ ಸಾಲಿನ ಬೇರಿಂಗ್. ಅಮೆರಿಕದಲ್ಲಿ 2001ರಿಂದ 2005ರ ಮಾಡೆಲ್‌ಗಳ ಬಗ್ಗೆ ಕೇಸಾಗಿ 2013ರಲ್ಲಿ ರಾಜಿಯೂ ಆಯಿತು. ಆಮೇಲೆ ಬಂದದ್ದು ದೊಡ್ಡ ಬೇರಿಂಗ್. ಅದು ಕೈಕೊಡುವುದು ಅಪರೂಪ, ಆದರೆ ಬದಲಿಸಬೇಕಾದರೆ ಎಂಜಿನನ್ನೇ ಸೀಳಬೇಕು. 2009ರ ಮಾಡೆಲಿನಿಂದ ಆ ಶಾಫ್ಟೇ ಇಲ್ಲ. ದುಡ್ಡು ಇನ್ನೂ ಸ್ವಲ್ಪ ಹೊಂದಿಸಲು ಆದರೆ 2009ರ ನಂತರದ್ದೇ ತಗೊಳ್ಳಿ. ಹಳೆಯದಾದರೆ ಆಯಿಲ್ ಫಿಲ್ಟರ್ ಬಿಚ್ಚಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು, ಬೂತಾಯಿ ಮೀನಿನ ಮುಳ್ಳು ಹುಡುಕುವಷ್ಟು ಶ್ರದ್ಧೆಯಿಂದ ನೋಡಿ. ಮಿನುಗುವ ಲೋಹದ ಚೂರು ಕಂಡರೆ ನಮಸ್ಕಾರ ಹೇಳಿ ಹೊರಡಿ. ಇನ್ನೊಂದು ವಿಷಯ, ಚೆನ್ನಾಗಿ ಓಡಿಸಿ ಬೇಗ ಬೇಗ ಆಯಿಲ್ ಬದಲಿಸಿದ ಕಾರಿನಲ್ಲಿ ಈ ತೊಂದರೆ ಕಡಿಮೆ ಅಂತ ಇದನ್ನು ರಿಪೇರಿ ಮಾಡುವವರೇ ಹೇಳುತ್ತಾರೆ. ಮತ್ತೆ ಅದೇ 18 ಸಾವಿರಕ್ಕೆ ಬಂದೆವು ನೋಡಿ.

ಬೇರೆ ಕಾರುಗಳ ಬಗ್ಗೆ ನನಗೆ ಕೈಯಾರೆ ಅನುಭವ ಇಲ್ಲ, ಹಾಗಾಗಿ ಚಿಕ್ಕದಾಗಿ. ಮೊದಲ ತಲೆಮಾರಿನ ಆಡಿ ಆರ್8ರ ಆರಂಭದ ವರ್ಷಗಳ ಕಾರು, ಲ್ಯಾಂಬೊರ್ಗಿನಿ ಗಲ್ಲಾರ್ಡೊಗಳಲ್ಲಿ ಕ್ಲಚ್ ಪೆಡಲ್ ಇಲ್ಲದ ಗೇರ್‌ಬಾಕ್ಸ್ ಇದ್ದರೂ ಒಳಗಿರುವುದು ಮಾಮೂಲಿ ಕ್ಲಚ್ಚೇ. ನಂತೂರಿನ ಏರಿನಲ್ಲಿ ಬಸ್ಸಿನ ಹಿಂದೆ ಇಂಚಿಂಚು ತೆವಳಿದರೆ ಅದು ಸುಟ್ಟುಹೋಗುತ್ತದೆ. ನಮ್ಮ ದೇಶದ್ದೇ ಆದ ಡಿಸಿ ಅವಂತಿ ಕೂಡ ಮಿಡ್ ಎಂಜಿನ್, ರೆನೋದ 2 ಲೀಟರ್ ಟರ್ಬೊ. ನೋಡಲು ಚೆಂದ, ಆದರೆ ಬಂಪರ್ ಒಡೆದರೆ ಎಲ್ಲಿಂದ ತರುತ್ತೀರಿ ಅಂತ ಮೊದಲೇ ಯೋಚಿಸಿ.

ಕಾಗದಪತ್ರದ ವಿಷಯಕ್ಕೆ ಅಳಿಯ "ಅದೆಲ್ಲ ಏಜೆಂಟ್ ನೋಡ್ಕೊಳ್ತಾನೆ" ಅಂದ. ನಾನು ಕೇಳಿದೆ, "2006ರ ಕಾರು ಅಂದ್ರೆ 2021ಕ್ಕೇ 15 ವರ್ಷ ಮುಗಿಯಿತಲ್ಲ. ಎಫ್‌ಸಿ ಮಾಡಿಸಿ ಆರ್‌ಸಿ ರಿನ್ಯೂ ಮಾಡಿದ್ದಾರಾ? ಎಷ್ಟರ ತನಕ ಉಂಟು?" ಆ ಕಡೆ ಮೌನ. 15 ವರ್ಷ ದಾಟಿದ ಆಮದು ಕಾರಿನ ರಿನ್ಯೂವಲ್ ಶುಲ್ಕ 2022ರಲ್ಲೇ 40,000 ರೂಪಾಯಿಗೆ ಏರಿದೆ. 20 ದಾಟಿದರೆ 2025ರ ಹೊಸ ದರದಲ್ಲಿ 80,000. ಇನ್ನು ದೆಹಲಿ ಕಡೆಯ ಕಾರು ಅಗ್ಗಕ್ಕೆ ಸಿಗುತ್ತದೆ ಅಂತ ಓಡುವವರಿಗೆ: ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರಿನ ತಲೆಮೇಲೆ ನಿಷೇಧದ ಕತ್ತಿ ತೂಗುವುದರಿಂದಲೇ ಅದು ಅಗ್ಗ. ಎನ್‌ಒಸಿ ಕೈಯಲ್ಲಿ ಹಿಡಿಯದೆ ಒಂದು ರೂಪಾಯಿ ಕೊಡಬೇಡಿ. ಇಲ್ಲಿಗೆ ತಂದು ಕೆಎ 19 ಅಥವಾ ಕೆಎ 20 ಮಾಡಿಸುವಾಗ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಕಾರಿನ ವಯಸ್ಸು ನೋಡಿ ರಿಯಾಯಿತಿ ಇದೆ, ಆದರೆ ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸತಿದ್ದಾಗಿನ ಬೆಲೆಯ ಮೇಲೆ. ನನ್ನ ಎದೆ ಒಡೆದದ್ದು ಆರ್‌ಟಿಒ ಕೌಂಟರಿನಲ್ಲೇ.

ಇನ್ಶೂರೆನ್ಸ್‌ನಲ್ಲೂ ಒಂದು ಸಿಕ್ಕು ಇದೆ. ಮಾಮೂಲಿ ಪಾಲಿಸಿಯಲ್ಲಿ ನೀರು ನುಗ್ಗಿ ಎಂಜಿನ್ ಹಾಳಾದರೆ ದುಡ್ಡು ಬರುವುದು ಕಷ್ಟ, ಅದಕ್ಕೆ ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಸೇರಿಸಬೇಕು. ಇಷ್ಟು ಹಳೆ ಕಾರಿಗೆ ಅದನ್ನು ಸಾಮಾನ್ಯವಾಗಿ ಕೊಡುವುದೇ ಇಲ್ಲ. ಹಾಗಾಗಿ ಜೋರು ಮಳೆಗೆ ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ನಾನು ಧೈರ್ಯ ತೋರಿಸುವುದಿಲ್ಲ. ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ, ಯಾವುದಾದರೂ ಅಂಗಡಿ ಕಂಡರೆ ಬೋಂಡ ತಿನ್ನುತ್ತಾ ಕಾಯುತ್ತೇನೆ.

ಇಷ್ಟು ಹೇಳಿ ಫೋನ್ ಇಡುವಾಗ ಗಂಟೆ ಹನ್ನೊಂದು. "ಹಾಗಾದ್ರೆ ಬೇಡ್ವಾ ಮಾವ?" ಅಂದ ಪಾಪದ ಸ್ವರದಲ್ಲಿ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಭಾನುವಾರ ಬೆಳಗ್ಗೆ ಆರು ಗಂಟೆಗೆ, ಟಾಪ್ ಇಳಿಸಿ, ಮರವಂತೆಯ ರಸ್ತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ಬೆನ್ನ ಹಿಂದೆ ಆ ಆರು ಸಿಲಿಂಡರಿನ ಸದ್ದು. ನಾನೇ ಪ್ರತಿ ವಾರ ಹೋಗುವವನು. ಮಳೆಗಾಲದಲ್ಲೂ ಬಿಡುವುದಿಲ್ಲ, ಟಾಪ್ ಹಾಕಿಕೊಂಡು ಹೋಗುತ್ತೇನೆ. "ಹೋಗಿ ನೋಡು, ಟಾರ್ಚ್ ತಗೊಂಡು ಹೋಗು" ಅಂದೆ.

ಇವತ್ತು ಬೆಳಗ್ಗೆ ಫೋನ್ ಮಾಡಿದ. "ಮಾವ, ಕಿಂಡಿಯಲ್ಲಿ ಎಲೆ ಉಂಟು. ಟಯರ್ 2011ದ್ದು. ಕಾರ್ಪೆಟ್ ಒತ್ತಿದೆ, ಒದ್ದೆ."

"ಓನರ್ ಏನಂದ್ರು?"

"ನಿನ್ನೆಯಷ್ಟೇ ವಾಶ್ ಮಾಡಿಸಿದ್ದಂತೆ."